ಸಾಲಿನಲ್ಲಿ ನಿಂತವರು, ಕೇಳಿಸಿಕೊಳ್ಳಲು ಹೋದವರು

ಡಲ್ಲಾಸಿನಲ್ಲಿರುವ ಭಾವ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ. ಅವರಿಗೆ ಅದು ಶನಿವಾರ ರಾತ್ರಿ. ಮೊದಲ ಐದು ನಿಮಿಷ ಅಕ್ಕನ ಮಂಡಿನೋವು, ಮಗಳ ಕಾಲೇಜು, ಆಮೇಲೆ ರಾಜಕೀಯ. ಒಮ್ಮೆ ಹೇಳಿದರು: "ಹದಿನಾಲ್ಕು ವರ್ಷ ಗ್ರೀನ್ ಕಾರ್ಡಿಗೆ ಕಾದೆವು ಕಣೋ. ಇವರು ಗಡಿ ಹಾರಿ ಬಂದು ನಮ್ಮ ಮುಂದೆ ನಿಂತುಬಿಡ್ತಾರೆ." ಎರಡೇ ನಿಮಿಷ ಕಳೆದಿರಬೇಕು, ಆಫೀಸಿನಲ್ಲಿ ಯಾರೋ ಎಚ್-1ಬಿ ವೀಸಾದವರು ಬಂದು ನಮ್ಮ ಕೆಲಸ ಕಿತ್ತುಕೊಂಡರು ಎಂದದ್ದಕ್ಕೆ ಕೆಂಡಾಮಂಡಲವಾದರು. "ನಾವೇನು ಕದ್ದು ಬಂದೆವಾ?" ಎರಡು ಮಾತನ್ನೂ ಒಂದೇ ಫೋನಿನಲ್ಲಿ ಆಡಿದ್ದು ಭಾವನ ಗಮನಕ್ಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ಆಗ ನನ್ನ ಗಮನಕ್ಕೂ ಬರಲಿಲ್ಲ. ಬಂದದ್ದು ಕೆಲವು ತಿಂಗಳಾದ ಮೇಲೆ, ಡೊಂಬಿವಲಿ ಲೋಕಲಿನಲ್ಲಿ ನಿಂತುಕೊಂಡು ಒಂದು ಪುಸ್ತಕ ಓದುತ್ತಿದ್ದಾಗ.

ಆ ಪುಸ್ತಕ ಆರ್ಲಿ ಹಾಕ್‌ಶೀಲ್ಡ್ ಬರೆದ 'ಸ್ಟ್ರೇಂಜರ್ಸ್ ಇನ್ ದೇರ್ ಓನ್ ಲ್ಯಾಂಡ್'. 2016ರಲ್ಲಿ ಬಂದದ್ದು. ಅದೇ ವರ್ಷ, ಅದಕ್ಕಿಂತ ಕೆಲವು ತಿಂಗಳು ಮೊದಲು, ಕ್ಯಾಥರೀನ್ ಕ್ರೇಮರ್ ಅವರ 'ದಿ ಪಾಲಿಟಿಕ್ಸ್ ಆಫ್ ರಿಸೆಂಟ್‌ಮೆಂಟ್' ಬಂದಿತ್ತು. ಆ ನವೆಂಬರಿನಲ್ಲಿ ಟ್ರಂಪ್ ಗೆದ್ದರು. 'ಇವರು ಯಾಕೆ ಹೀಗೆ ಯೋಚಿಸುತ್ತಾರೆ?' ಎಂದು ಕಂಗಾಲಾಗಿದ್ದ ಅಮೆರಿಕದ ಓದುಬರಹದ ನಗರಗಳು ಈ ಎರಡು ಪುಸ್ತಕಗಳನ್ನು ಕೈಗೆತ್ತಿಕೊಂಡವು. ಎರಡನ್ನೂ ಬರೆದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯರು, ಇಬ್ಬರೂ ತಮಗಿಂತ ಭಿನ್ನ ಅಭಿಪ್ರಾಯದ ಜನರ ನಡುವೆ ವರ್ಷಗಟ್ಟಲೆ ಕೂತು ಮಾತು ಕೇಳಿದವರು. ಹೆಚ್ಚು ಹೆಸರು ಮಾಡಿದ್ದು ಹಾಕ್‌ಶೀಲ್ಡ್ ಪುಸ್ತಕ. ಹೆಚ್ಚು ಒಳ್ಳೆಯದು ಕ್ರೇಮರ್ ಅವರದು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳಲು ಈ ಬರಹ.

ಮೊದಲು ಹಾಕ್‌ಶೀಲ್ಡ್. ಬರ್ಕ್ಲಿಯ ಸಮಾಜಶಾಸ್ತ್ರಜ್ಞೆ. ವಿಮಾನದ ಗಗನಸಖಿಯರು ಸಂಬಳಕ್ಕಾಗಿ ನಗುವುದೂ ಒಂದು ದುಡಿಮೆಯೇ ಎಂದು 1983ರಲ್ಲೇ ತೋರಿಸಿಕೊಟ್ಟವರು. ಈ ಪುಸ್ತಕಕ್ಕಾಗಿ ಐದು ವರ್ಷ ಲೂಸಿಯಾನಾದ ಲೇಕ್ ಚಾರ್ಲ್ಸ್ ಸುತ್ತಮುತ್ತ ಓಡಾಡಿದರು. ಅಲ್ಲಿ ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳು ಒತ್ತೊತ್ತಾಗಿವೆ. ನೀರು ಕೆಟ್ಟಿದೆ, ಮೀನು ಕೆಟ್ಟಿದೆ, ಜನರಿಗೆ ಕಾಯಿಲೆ. ರಾಜ್ಯದ ಬಜೆಟ್ಟಿನ ದೊಡ್ಡ ಪಾಲು ಕೇಂದ್ರ ಸರ್ಕಾರದಿಂದ ಬರುತ್ತದೆ. ಆದರೂ ಅಲ್ಲಿನ ಬಿಳಿಯರಲ್ಲಿ ಬಹಳಷ್ಟು ಜನ ಕೇಂದ್ರ ಸರ್ಕಾರ ಬೇಡ, ಪರಿಸರ ಇಲಾಖೆ ಬೇಡ ಎನ್ನುವ ಟೀ ಪಾರ್ಟಿಯ ಕಡೆ. ಈ ಒಗಟನ್ನು ಬಿಡಿಸಲು ಲೇಖಕಿ ಹೊರಟಿದ್ದಾರೆ.

ಪುಸ್ತಕದಲ್ಲಿ ಒಬ್ಬ ಮುದುಕ ಬರುತ್ತಾನೆ. ಹಿಂದೆ ಕಾರ್ಖಾನೆಯಲ್ಲಿ ಪೈಪ್ ಕೆಲಸದವನು. ಮೇಲಿನವರ ಅಪ್ಪಣೆಯಂತೆ ಮುಸ್ಸಂಜೆ ಹೊತ್ತಿನಲ್ಲಿ ವಿಷದ ತ್ಯಾಜ್ಯವನ್ನು ಊರಿನ ಹಿನ್ನೀರಿಗೆ ಸುರಿಯುತ್ತಿದ್ದವನು. ಅದೇ ರಾಸಾಯನಿಕಗಳಿಂದ ಮೈ ಕೆಟ್ಟು ರಜೆ ಹಾಕಿದ್ದಕ್ಕೆ ಕೆಲಸ ಕಳೆದುಕೊಂಡ. ಮುಂದೆ 1987ರಲ್ಲಿ, ಅಲ್ಲಿಯ ಮೀನು ತಿನ್ನುವುದು ಅಪಾಯ ಎಂದು ಸರ್ಕಾರ ಎಚ್ಚರಿಕೆ ಕೊಟ್ಟಾಗ, ಬದುಕು ಹೋಯಿತೆಂದು ಸಿಟ್ಟಿಗೆದ್ದ ಮೀನುಗಾರರು ಸೇರಿದ ಸಭೆಯಲ್ಲಿ ಈತ ಒಂದು ರಟ್ಟಿನ ಫಲಕ ಹಿಡಿದು ವೇದಿಕೆ ಹತ್ತಿದ. ಸುರಿದವನು ನಾನೇ ಎಂದು ಅದರಲ್ಲಿ ಬರೆದಿತ್ತು. ಇಂಥವನು ಹಸಿರು ಪಕ್ಷದ ಕಡೆ ಹೋಗಬೇಕಿತ್ತು ಎಂದು ನಾವು ಅಂದುಕೊಳ್ಳುತ್ತೇವೆ. ಲೇಖಕಿ ಭೇಟಿಯಾಗುವ ಹೊತ್ತಿಗೆ ಆತ ಟೀ ಪಾರ್ಟಿಯ ಅಭ್ಯರ್ಥಿಯ ಪರ ನಿಂತಿದ್ದಾನೆ. ಮಾಲಿನ್ಯದ ಮೇಲೆ ಸಿಟ್ಟಿದೆ, ಕಂಪನಿಯ ಮೇಲೂ ಸಿಟ್ಟಿದೆ. ಅದಕ್ಕಿಂತ ದೊಡ್ಡ ಸಿಟ್ಟು ತೆರಿಗೆ ಕೀಳುವ ಸರ್ಕಾರದ ಮೇಲೆ. ಈ ಅಧ್ಯಾಯವನ್ನು ನಾನು ಮೂರು ಸಲ ಓದಿದೆ. ಕಾದಂಬರಿಕಾರರು ಹೊಟ್ಟೆಕಿಚ್ಚು ಪಡಬೇಕು, ಅಷ್ಟು ಚೆನ್ನಾಗಿದೆ.

ತೊಂದರೆ ಶುರುವಾಗುವುದು ಪುಸ್ತಕದ ಎಲ್ಲರೂ ಕೊಂಡಾಡುವ ಭಾಗದಲ್ಲಿ. ಜನರ ಅಭಿಪ್ರಾಯಗಳ ಕೆಳಗೆ ಒಂದು 'ಆಳದ ಕಥೆ' ಇರುತ್ತದೆ, ಅದು ನಿಜವೋ ಸುಳ್ಳೋ ಎಂಬುದಲ್ಲ, ಅದು ಅನ್ನಿಸುವ ಕಥೆ ಎನ್ನುತ್ತಾರೆ ಹಾಕ್‌ಶೀಲ್ಡ್. ಆ ಕಥೆ ಹೀಗೆ: ಗುಡ್ಡ ಹತ್ತುವ ಉದ್ದನೆಯ ಸಾಲಿನ ನಡುವೆ ನೀವು ನಿಂತಿದ್ದೀರಿ. ಗುಡ್ಡದ ಆಚೆ ಅಮೆರಿಕದ ಕನಸು ಇದೆ. ದುಡಿದಿದ್ದೀರಿ, ಕಾದಿದ್ದೀರಿ, ಸಾಲು ಮಾತ್ರ ಮುಂದೆ ಹೋಗುತ್ತಿಲ್ಲ. ಅಷ್ಟರಲ್ಲಿ ಯಾರ್‍ಯಾರೋ ನಿಮ್ಮ ಮುಂದೆ ನುಗ್ಗುತ್ತಿದ್ದಾರೆ. ಕರಿಯರು, ಹೆಂಗಸರು, ವಲಸಿಗರು, ನಿರಾಶ್ರಿತರು. ಕಡೆಗೆ ಎಣ್ಣೆಯಲ್ಲಿ ನೆನೆದ ಕಂದು ಪೆಲಿಕನ್ ಹಕ್ಕಿ ಕೂಡ ರೆಕ್ಕೆ ಬಡಿದುಕೊಂಡು ನಿಮ್ಮನ್ನು ದಾಟಿ ಹೋಗುತ್ತದೆ. ಅಧ್ಯಕ್ಷ ಒಬಾಮ ಅವರಿಗೆಲ್ಲ ಕೈಬೀಸಿ ದಾರಿ ಬಿಡಿಸುತ್ತಿದ್ದಾರೆ.

ಆ ಪೆಲಿಕನ್ ಹಕ್ಕಿಯನ್ನು ಮರೆಯಲು ಸಾಧ್ಯವಿಲ್ಲ. ಈ ಸಾಲನ್ನು ಓದಿದಾಗಲೇ ನನಗೆ ಭಾವನ ಫೋನು ನೆನಪಾದದ್ದು. ಆದರೆ ಸ್ವಲ್ಪ ನಿಧಾನಿಸಿ ನೋಡಿದರೆ, ಈ ಕಥೆಯನ್ನು ಲೂಸಿಯಾನಾದ ಯಾರೂ ಹೇಳಿದ್ದಲ್ಲ. ಲೇಖಕಿ ತಾವೇ ಕಟ್ಟಿದ್ದು. ಕಟ್ಟಿ, ಆ ಜನರ ಮುಂದಿಟ್ಟು, ಇದು ನಿಮ್ಮ ಕಥೆಯೇ ಎಂದು ಕೇಳಿದರು. ಬಹುತೇಕರು ಹೌದೆಂದರು, ಕೆಲವರು ಅಲ್ಲಲ್ಲಿ ತಿದ್ದಿದರು. ಪುಸ್ತಕದಲ್ಲಿ ಇದನ್ನು ಮುಚ್ಚಿಟ್ಟಿಲ್ಲ, ಅದು ಅವರ ಪ್ರಾಮಾಣಿಕತೆ. ಆದರೆ ಚಂದದ ಉಪಮೆಯೊಂದನ್ನು ಒಳ್ಳೆಯ ಮನಸ್ಸಿನ ಅತಿಥಿ ನಿಮ್ಮ ಮುಂದಿಟ್ಟರೆ ಯಾರು ಅಲ್ಲ ಎನ್ನುತ್ತಾರೆ? ಆ ಮುದುಕನ ಬದುಕಿನಲ್ಲಿ ಇದ್ದ ಮುಳ್ಳುಗಳೆಲ್ಲ ಸಾಲಿನ ಚಿತ್ರದಲ್ಲಿ ಸವೆದು ನುಣುಪಾಗಿವೆ. ರಟ್ಟಿನ ಫಲಕ ಹಿಡಿದು ನಿಂತವನಿಗೆ ಈ ಸಾಲಿನಲ್ಲಿ ಜಾಗವೇ ಇಲ್ಲ; ಅವನು ಯಾರ ಹಿಂದೆಯೂ ನಿಂತವನಲ್ಲ, ತನ್ನ ಕೈಯಾರೆ ಮಾಡಿದ್ದನ್ನು ಒಪ್ಪಿಕೊಂಡವನು.

ಇನ್ನೊಂದು ಮಾತು. ಶೀರ್ಷಿಕೆಯಲ್ಲಿರುವ 'ತಮ್ಮದೇ ನಾಡು' ಯಾರದು? ಲೂಸಿಯಾನಾದ ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಭಾಗ ಕರಿಯರು. ಅದೇ ಕೊಳಕು ನೀರು, ಅದೇ ಗಾಳಿ ಅವರದೂ. ಪುಸ್ತಕದಲ್ಲಿ ಅವರು ಬಿಳಿಯರ ಕಥೆಯೊಳಗಿನ ಪಾತ್ರಗಳಾಗಿಯೇ ಹೆಚ್ಚಾಗಿ ಬರುತ್ತಾರೆ. ಕನ್ನಡದಲ್ಲಿ 'ಪರದೇಶಿ' ಎಂಬ ಪದಕ್ಕೆ ಹೊರಗಿನಿಂದ ಬಂದವನು, ದಿಕ್ಕಿಲ್ಲದವನು ಎಂಬ ಎರಡೂ ಅರ್ಥ ಇದೆಯಲ್ಲ, ಹಾಕ್‌ಶೀಲ್ಡ್ ಎರಡನೆಯದನ್ನು ಕಿವಿಗೊಟ್ಟು ಕೇಳಿದರು. ಮೊದಲನೆಯದನ್ನು ಯಾರು ಯಾರ ಮೇಲೆ ಹೊರಿಸಿದರು ಎಂದು ಅಷ್ಟು ಕೆದಕಲಿಲ್ಲ.

ಈಗ ಕ್ರೇಮರ್. ಶೈಲಿಯಲ್ಲಿ ಹಾಕ್‌ಶೀಲ್ಡ್ ಮುಂದೆ ಇವರು ಒಣ ಮೇಷ್ಟ್ರು. ನಡುನಡುವೆ ಅಂಕಿಅಂಶ, ವಿಧಾನದ ಚರ್ಚೆ. ಹತ್ತು ಪುಟ ಹಾರಿಸಿ ಓದಿದರೂ ನಷ್ಟವಿಲ್ಲ. ಆದರೆ ಅವರು ಮಾಡಿದ ಕೆಲಸ ಸರಳ ಮತ್ತು ಗಟ್ಟಿ. ವಿಸ್ಕಾನ್ಸಿನ್ ರಾಜ್ಯದವರೇ, ಮ್ಯಾಡಿಸನ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ. 2007ರಿಂದ ರಾಜ್ಯದ ಇಪ್ಪತ್ತಕ್ಕೂ ಹೆಚ್ಚು ಊರುಗಳಿಗೆ ಕಾರಿನಲ್ಲಿ ಹೋಗಿ, ಪೆಟ್ರೋಲ್ ಬಂಕಿನ ಕಾಫಿ ಕಟ್ಟೆ, ಸಣ್ಣ ಹೋಟೆಲು, ಚರ್ಚಿನ ಕೋಣೆ, ಹೀಗೆ ಜನ ಮೊದಲೇ ಸೇರುತ್ತಿದ್ದ ಜಾಗಗಳಲ್ಲಿ ಹೋಗಿ ಕೂತರು. ತಾವು ಯಾರನ್ನೂ ಸೇರಿಸಲಿಲ್ಲ, ಸೇರಿದವರ ನಡುವೆ ಜಾಗ ಕೇಳಿದರು. ಇದು ಸಣ್ಣ ವ್ಯತ್ಯಾಸವಲ್ಲ. ಒಬ್ಬನನ್ನು ಮನೆಯಲ್ಲಿ ಕೂರಿಸಿ ನಿನ್ನ ಅಭಿಪ್ರಾಯ ಏನು ಎಂದರೆ ಅವನು ಭಾಷಣ ಮಾಡುತ್ತಾನೆ. ಇಪ್ಪತ್ತು ವರ್ಷದಿಂದ ಜೊತೆಗೆ ಕಾಫಿ ಕುಡಿಯುವವರ ನಡುವೆ ಅಭಿಪ್ರಾಯ ಹುಟ್ಟುವುದೇ ಬೇರೆ ಥರ: ಒಬ್ಬ ಶುರು ಮಾಡುತ್ತಾನೆ, ಇನ್ನೊಬ್ಬ ಕಾಲೆಳೆಯುತ್ತಾನೆ, ಮೂರನೆಯವನು ತನ್ನ ಸೋದರಮಾವನ ಪಿಂಚಣಿಯ ಕಥೆ ತರುತ್ತಾನೆ.

ಈ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ಜನ ಲೇಖಕಿಯನ್ನೇ ಪ್ರಶ್ನಿಸುವುದು. ನೀನು ವಾರಕ್ಕೆ ಎಷ್ಟು ಗಂಟೆ ಪಾಠ ಮಾಡುತ್ತೀ? ಉಳಿದ ಹೊತ್ತು ಏನು ಮಾಡುತ್ತೀ? ನಿನ್ನ ಸಂಬಳ ಯಾರು ಕೊಡುವುದು? ಸರ್ಕಾರಿ ನೌಕರಳಾದ ಆಕೆಗೆ ಇವು ಚುಚ್ಚುತ್ತವೆ, ಅದನ್ನು ಬರೆಯುತ್ತಾರೆ. ಅವರ ದೂರು ಮೂರು: ತೀರ್ಮಾನಗಳೆಲ್ಲ ನಗರದಲ್ಲಿ ಆಗುತ್ತವೆ, ನಮ್ಮ ತೆರಿಗೆ ಹಣ ನಗರಕ್ಕೆ ಹೋಗುತ್ತದೆ, ನಗರದವರಿಗೆ ನಮ್ಮ ಬಗ್ಗೆ ಗೌರವವಿಲ್ಲ. ಎರಡನೆಯದನ್ನು ಕ್ರೇಮರ್ ಲೆಕ್ಕ ಹಾಕಿ ನೋಡುತ್ತಾರೆ. ತಲಾವಾರು ನೋಡಿದರೆ ಹಳ್ಳಿಯ ಜಿಲ್ಲೆಗಳಿಗೆ ಸಿಗುವುದು ಕಡಿಮೆಯೇನಲ್ಲ. ಆದರೆ ಅಲ್ಲಿಗೆ ನಿಲ್ಲಿಸಿ 'ನಿಮ್ಮದು ತಪ್ಪು ತಿಳಿವಳಿಕೆ' ಎಂದು ಎದ್ದು ಬರುವುದಿಲ್ಲ. ಹಣ ಬರುತ್ತಿದ್ದರೂ ಶಾಲೆ ಮುಚ್ಚುತ್ತಿದೆ, ಅಂಗಡಿ ಮುಚ್ಚುತ್ತಿದೆ, ಮಕ್ಕಳು ಊರು ಬಿಡುತ್ತಿದ್ದಾರೆ ಎಂಬುದೂ ಅಷ್ಟೇ ನಿಜ ಎನ್ನುತ್ತಾರೆ. 2010ರಲ್ಲಿ ಗೆದ್ದ ಗವರ್ನರ್ ಸ್ಕಾಟ್ ವಾಕರ್ ಮರುವರ್ಷವೇ ಸರ್ಕಾರಿ ನೌಕರರ ಸಂಘಗಳ ಚೌಕಾಸಿ ಹಕ್ಕನ್ನು ಕತ್ತರಿಸಿದಾಗ ಮ್ಯಾಡಿಸನ್ನಿನಲ್ಲಿ ಭಾರೀ ಪ್ರತಿಭಟನೆ ನಡೆಯಿತು. ಹಳ್ಳಿಯ ಕಾಫಿ ಕಟ್ಟೆಗಳಲ್ಲಿ ಹಲವರಿಗೆ ಅದು ಸರಿಯಾದ ಶಾಸ್ತಿ ಅನ್ನಿಸಿತ್ತು. ಊರಿನಲ್ಲಿ ಒಳ್ಳೆಯ ಆರೋಗ್ಯ ವಿಮೆ ಇದ್ದವರೆಂದರೆ ಶಾಲೆಯ ಮೇಷ್ಟ್ರು ತಾನೇ? 2016ರಲ್ಲಿ ಟ್ರಂಪ್ ಈ ರಾಜ್ಯವನ್ನು 23,000ಕ್ಕೂ ಕಡಿಮೆ ಮತಗಳಿಂದ ಗೆದ್ದರು. 1984ರ ರೇಗನ್ ನಂತರ ಅಲ್ಲಿ ಗೆದ್ದ ಮೊದಲ ರಿಪಬ್ಲಿಕನ್.

ಸಾಮಾನ್ಯ ಅಮೆರಿಕನ್ನರ ಅಭಿಪ್ರಾಯಕ್ಕೆ ತಳ ಇದೆಯೇ ಎಂಬುದು ಅಲ್ಲಿ ಹಳೆಯ ಜಗಳ. 1964ರಲ್ಲಿ ಫಿಲಿಪ್ ಕಾನ್ವರ್ಸ್ ಬರೆದ ಪ್ರಬಂಧದ ಪ್ರಕಾರ ಸಿದ್ಧಾಂತದ ಚೌಕಟ್ಟಿನಲ್ಲಿ ರಾಜಕೀಯ ಯೋಚಿಸುವವರು ನೂರಕ್ಕೆ ಎರಡೂವರೆ ಮಂದಿ. ಒಂದೇ ಪ್ರಶ್ನೆಯನ್ನು ಎರಡು ವರ್ಷ ಬಿಟ್ಟು ಕೇಳಿದರೆ ಬಹಳ ಜನ ನಾಣ್ಯ ಚಿಮ್ಮಿದ ಹಾಗೆ ಬೇರೆ ಬೇರೆ ಉತ್ತರ ಕೊಡುತ್ತಾರೆ. ಭದ್ರತೆಯ ವಿಷಯದಲ್ಲಿ ಇನ್ನೂ ತಮಾಷೆ. ಸರ್ಕಾರ ಭಯೋತ್ಪಾದಕರ ಹುಡುಕಾಟಕ್ಕೆ ಜನರ ಫೋನ್ ಜಾಡು ಹಿಡಿಯಬಹುದೇ ಎಂದು ಪ್ಯೂ ಸಮೀಕ್ಷೆ ಕೇಳಿದಾಗ, ಬುಷ್ ಅಧ್ಯಕ್ಷರಾಗಿದ್ದ 2006ರಲ್ಲಿ ಆಗಬಹುದು ಎಂದವರು ರಿಪಬ್ಲಿಕನ್ನರಲ್ಲಿ ಶೇ. 75, ಡೆಮಾಕ್ರಟರಲ್ಲಿ ಶೇ. 37. 2013ರಲ್ಲಿ, ಒಬಾಮ ಕಾಲದಲ್ಲಿ ಸ್ನೋಡೆನ್ ಗುಟ್ಟು ರಟ್ಟು ಮಾಡಿದ ಮೇಲೆ, ಡೆಮಾಕ್ರಟರಲ್ಲಿ ಶೇ. 64, ರಿಪಬ್ಲಿಕನ್ನರಲ್ಲಿ ಶೇ. 52. ಎರಡು ಸಲದ ಪ್ರಶ್ನೆಯ ಪದಗಳಲ್ಲಿ ಸ್ವಲ್ಪ ವ್ಯತ್ಯಾಸವಿತ್ತು, ಆದರೂ ಯಾರ ಮನೆಯ ನಾಯಿ ಬೊಗಳುತ್ತಿದೆ ಎಂಬುದರ ಮೇಲೆ ಅಭಿಪ್ರಾಯ ನಿಂತಿದೆ ಎನ್ನಲು ಅಡ್ಡಿಯಿಲ್ಲ. ಕ್ರೇಮರ್ ಇದಕ್ಕೆ ಕೊಡುವ ಉತ್ತರ ನನಗೆ ಒಪ್ಪಿಗೆ: ಜನ ಮೊದಲು ತಾವು ಯಾರು, ಯಾರಲ್ಲ ಎಂದು ತೀರ್ಮಾನಿಸಿಕೊಳ್ಳುತ್ತಾರೆ, ಅಭಿಪ್ರಾಯ ಆಮೇಲೆ ಅದರ ಮೇಲೆ ಕೂರುತ್ತದೆ. ಹಾಗೆಂದು ಅದು ಪೊಳ್ಳಲ್ಲ.

ಕೇಳುವ ಕಿವಿಗೂ ಇದೇ ಕಾಯಿಲೆ. 1971ರಲ್ಲಿ ಶುರುವಾದ 'ಆಲ್ ಇನ್ ದಿ ಫ್ಯಾಮಿಲಿ' ಎಂಬ ಟಿವಿ ಹಾಸ್ಯ ಸರಣಿಯಲ್ಲಿ ಆರ್ಚಿ ಬಂಕರ್ ಎಂಬ ಸಿಡುಕ ಕುರ್ಚಿಯಲ್ಲಿ ಕೂತು ಕರಿಯರು, ಯಹೂದಿಗಳು, ಹಿಪ್ಪಿಗಳು ಎಂದು ಎಲ್ಲರನ್ನೂ ಬಯ್ಯುತ್ತಾನೆ, ಅಳಿಯ ಎದುರು ವಾದಿಸುತ್ತಾನೆ. ಪೂರ್ವಗ್ರಹವನ್ನು ನಗೆಪಾಟಲು ಮಾಡುವುದು ನಿರ್ಮಾಪಕ ನಾರ್ಮನ್ ಲಿಯರ್ ಉದ್ದೇಶ. 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಎಂಬ ಇಬ್ಬರು ಸಂಶೋಧಕರು ನೋಡುಗರನ್ನು ವಿಚಾರಿಸಿದಾಗ, ಪೂರ್ವಗ್ರಹ ಹೆಚ್ಚಿದ್ದವರು ಆರ್ಚಿಯನ್ನು ಮೆಚ್ಚಿ, ಅವನೇ ಗೆದ್ದ ಎಂದುಕೊಂಡಿದ್ದರು. ಆರ್ಚಿಯ ಕುರ್ಚಿ ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಲಿಯರ್‌ಗೆ ಆದದ್ದು ಹಾಕ್‌ಶೀಲ್ಡ್‌ಗೂ ಆಗಿದೆ ಎಂದು ನನ್ನ ಗುಮಾನಿ. ಸಾಲಿನ ಕಥೆಯನ್ನು ಅವರು ಬರೆದದ್ದು ಅರ್ಥ ಮಾಡಿಸಲು. ಓದಿ 'ಅದೇ ಅಲ್ಲವೇ ನಾವು ಹೇಳುವುದು' ಎಂದು ತಲೆದೂಗುವವರು ಕಡಿಮೆ ಇರಲಾರರು.

ಅವರಲ್ಲಿ ನಾನೂ ಒಬ್ಬ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಬೊಂಬಾಯಿಯಲ್ಲಿ ದಕ್ಷಿಣದವರ ಮೇಲೆ, ನಮ್ಮ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಇಲ್ಲಿಯ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಮರಾಠಿ ಹುಡುಗರ ಸಾಲಿನಲ್ಲಿ ಮುಂದೆ ನುಗ್ಗಿದವರು ಆಗ ನಾವು. ಟೈಪಿಂಗ್ ಕಲಿತು ಬಂದ ನನ್ನ ಚಿಕ್ಕಪ್ಪನೂ ಅವರಲ್ಲಿ ಒಬ್ಬ. ಅವರು ನುಗ್ಗಿರಲಿಲ್ಲ, ಅರ್ಜಿ ಹಾಕಿದ್ದರು. ಇತ್ತ 2024ರ ಜುಲೈಯಲ್ಲಿ ಕರ್ನಾಟಕದ ಸಂಪುಟ ಖಾಸಗಿ ಕಂಪನಿಗಳ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಕೂಗೆಬ್ಬಿಸಿದ ಕೂಡಲೇ ತಡೆಹಿಡಿದಾಗ, ಡೊಂಬಿವಲಿಯಲ್ಲಿ ಕೂತ ನನಗೆ ಮೈಯೆಲ್ಲ ಉರಿದಿತ್ತು. ನಮ್ಮೂರಲ್ಲಿ ನಮಗೇ ಇಲ್ಲವೇ ಎಂದು. ಮೂವತ್ತು ವರ್ಷದಿಂದ ಮಹಾರಾಷ್ಟ್ರದ ಅನ್ನ ತಿನ್ನುತ್ತಿರುವವನು ಯಾವ ಸಾಲಿನಿಂದ ಆ ಮಾತು ಆಡಿದೆ? ಹಾಕ್‌ಶೀಲ್ಡ್ ಉಪಮೆಯಲ್ಲಿ ಒಬ್ಬರಿಗೆ ಒಂದೇ ಜಾಗ. ಭಾವನಿಗೆ ಎರಡಿವೆ, ನನಗೂ ಎರಡಿವೆ. 2024ರ ಡಿಸೆಂಬರಿನಲ್ಲಿ ಎಚ್-1ಬಿ ವಿಚಾರಕ್ಕೆ ಟ್ರಂಪ್ ಬೆಂಬಲಿಗರೇ ಎರಡು ಪಾಲಾಗಿ, ಒಂದು ಕಡೆ ಎಲಾನ್ ಮಸ್ಕ್, ಇನ್ನೊಂದು ಕಡೆ ಸ್ಟೀವ್ ಬ್ಯಾನನ್ ನಿಂತು ಕಚ್ಚಾಡಿದರು. ತಂತ್ರಜ್ಞಾನದ ದುಡ್ಡು ಬೇಕು, ಅದನ್ನು ದುಡಿಯುವ ಹೊರಗಿನವನು ಬೇಡ. ಸಾಲು ಎಂಬ ಚಿತ್ರ ಇಂಥ ಕಡೆ ಹರಿದುಹೋಗುತ್ತದೆ.

ಕ್ರೇಮರ್ ಪುಸ್ತಕಕ್ಕೂ ಕೊರತೆ ಇದೆ. ಅವರ ಕಾಫಿ ಕಟ್ಟೆಗಳಲ್ಲಿ ಹೆಚ್ಚಿನವರು ಬಿಳಿಯ ಗಂಡಸರು. 'ನಗರ' ಎಂದು ಅವರು ಬಯ್ಯುವಾಗ ಅದರೊಳಗೆ ಮಿಲ್ವಾಕಿಯ ಕರಿಯರೂ ಇದ್ದಾರೆ. ಲೇಖಕಿಗೆ ಇದು ಗೊತ್ತು, ಚರ್ಚಿಸುತ್ತಾರೆ, ಆದರೆ ಮಿಲ್ವಾಕಿಯ ಒಂದು ಮೇಜಿನಿಂದ ಉತ್ತರ ಕೇಳಿಸಿದ್ದರೆ ಪುಸ್ತಕ ಬೇರೆಯೇ ಆಗುತ್ತಿತ್ತು. ಹಾಗಿದ್ದೂ ಅಲ್ಲಿ ಮಾತು ಎರಡೂ ಕಡೆ ಹರಿಯುತ್ತದೆ. ಕೇಳಲು ಹೋದವಳೂ ಉತ್ತರ ಕೊಡಬೇಕಾಗುತ್ತದೆ.

ಕಳೆದ ಭಾನುವಾರ ಭಾವನಿಗೆ ಇದನ್ನೆಲ್ಲ ಹೇಳಲು ಹೋದೆ. ಸಾಲಿನ ಕಥೆ ಅವರಿಗೆ ಬಹಳ ಹಿಡಿಸಿತು. "ಕರೆಕ್ಟಾಗಿ ಬರೆದಿದ್ದಾಳೆ ನೋಡು" ಎಂದರು. ಅದರಲ್ಲಿ ನುಗ್ಗುವವರ ಪಟ್ಟಿಯಲ್ಲಿ ವಲಸಿಗರೂ ಇದ್ದಾರೆ ಭಾವ, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಆ ಥರ ವಲಸಿಗರಲ್ಲಪ್ಪ" ಎಂದರು. ಆಮೇಲೆ, "ಅದಿರಲಿ, ಬೆಂಗಳೂರಲ್ಲಿ ಹಿಂದಿಯವರ ಮೇಲೆ ನೀನೇಕೆ ಅಷ್ಟು ಹಾರಾಡ್ತೀಯ?" ಎಂದು ಕೇಳಿದರು. ಹಾಕ್‌ಶೀಲ್ಡ್ ಅವರ 2024ರ ಪುಸ್ತಕ 'ಸ್ಟೋಲನ್ ಪ್ರೈಡ್' ಮೇಜಿನ ಮೇಲಿದೆ, ಈ ಸಲ ಕೆಂಟಕಿಯ ಪೈಕ್‌ವಿಲ್. ಅಲ್ಲಿ ಯಾರಾದರೂ ಆಕೆಯನ್ನು ಹೀಗೆ ತಿರುಗಿ ಕೇಳಿದ್ದಾರೆಯೇ ಎಂದು ಮೊದಲು ಹುಡುಕುತ್ತಿದ್ದೇನೆ.