ನರತಂತುವಿನ ಗಣಿತ: ಒಂದು ವಿಮರ್ಶೆ

ಭಟ್ಕಳ, ಹೊನ್ನಾವರ, ಕುಮಟಾ ಬಂದರುಗಳಲ್ಲಿ ಬೊಂಡಾಸವೆಂದು ಮಾರಾಟವಾಗುವ ಜೀವಿಯ ಶೀತಸಮುದ್ರದ ಬಂಧುವೊಂದರಿಂದ ನರಕೋಶದ ಗಣಿತಮಾದರಿ ರೂಪುಗೊಂಡಿತು. ಅದರ ಮಹಾತಂತು ಸುಮಾರು ಅರ್ಧ ಮಿಲಿಮೀಟರು ದಪ್ಪ. ಒಳಗೆ ತಂತಿಯನ್ನಿಳಿಸಿ ವಿದ್ಯುತ್ತನ್ನು ಅಳೆಯಬಹುದು. ಹೀಗೆ ಅಳೆದು ಹಾಜ್ಕಿನ್ ಮತ್ತು ಹಕ್ಸ್ಲಿ ಎಂಬ ಆಂಗ್ಲ ವಿದ್ವಾಂಸರು 1952ರಲ್ಲಿ ಪ್ರಕಟಿಸಿದ ಸಮೀಕರಣಗಳು ಮಿದುಳಿನ ಕೋಶಗಳ ಮಾದರಿಗಳಿಗೆ ಇಂದಿಗೂ ತಳಹದಿಯಾಗಿವೆ. ಕೇಂಬ್ರಿಜ್ಜಿನ ಗಣಕಯಂತ್ರವು ಆಗ ಬಳಕೆಗೆ ದೊರೆಯದಿದ್ದುದರಿಂದ ಹಕ್ಸ್ಲಿಯವರು ಕೈಯಿಂದ ತಿರುಗಿಸುವ ಯಂತ್ರದಲ್ಲೇ ಲೆಕ್ಕ ಮಾಡಿದರು. ನರಸಂದೇಶದ ವೇಗವು ಸೆಕೆಂಡಿಗೆ 18.8 ಮೀಟರೆಂದು ಲೆಕ್ಕ ಹೇಳಿತು, ಅಳತೆ 21.2 ಎಂದಿತು.

ಈ ಸಾಮೀಪ್ಯವನ್ನು ಸಿದ್ಧಾಂತದ ವಿಜಯವೆಂದು ಬಣ್ಣಿಸುವುದು ವಾಡಿಕೆ. ನನಗದು ಒಪ್ಪಿಗೆಯಿಲ್ಲ. ಸಮೀಕರಣವು ಫಲಿಸಿದ ಮಾತ್ರಕ್ಕೆ ತಾವು ಊಹಿಸಿದ ಒಳವ್ಯವಸ್ಥೆ ಸಿದ್ಧವಾದಂತಾಗದೆಂದು ಆ ಪ್ರಬಂಧಕಾರರೇ ಎಚ್ಚರಿಸಿದ್ದರು. ಹೊಗಳುವವರಲ್ಲಿ ಎಷ್ಟೋ ಮಂದಿ ಆ ಪುಟವನ್ನು ಓದಿದಂತೆ ಕಾಣದು. ಒಂದೇ ಶಾಸನದ ಸಾಕ್ಷ್ಯಕ್ಕೆ ಎರಡು ವಂಶಾವಳಿಗಳು ಹೊಂದಿಕೊಳ್ಳುವುದನ್ನು ಕಂಡ ಚರಿತ್ರಕಾರನಿಗೆ ಈ ಎಚ್ಚರ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಿಷಿಕೇಶ್ ನಾರಾಯಣನ್ ಮತ್ತು ಸಂಗಡಿಗರು ನಡೆಸಿದ ಗಣನೆಗಳು ಇದನ್ನೇ ಬಲಪಡಿಸುತ್ತವೆ: ಅಯಾನುಗಳು ಹಾಯುವ ನಾಳಗಳ ಪ್ರಮಾಣ ಬೇರೆಬೇರೆಯಾಗಿದ್ದರೂ ಮಿದುಳಿನ ಕೋಶದ ವರ್ತನೆ ಒಂದೇ ಬಗೆಯದಾಗಿರಬಲ್ಲದು.

ಇನ್ನೊಂದು ಆಕ್ಷೇಪ ಉಷ್ಣತೆಯದು. ಮೂಲ ಸ್ಥಿರಾಂಕಗಳು 6.3 ಡಿಗ್ರಿ ಸೆಲ್ಸಿಯಸ್ಸಿಗೆ ಸಲ್ಲುವಂಥವು. ಹೊನ್ನಾವರದ ದಡದ ನೀರು ಎಂದೂ ಅಷ್ಟು ತಣ್ಣಗಾಗದು. ಪ್ರತಿ ಹತ್ತು ಡಿಗ್ರಿಗೆ ಒಳಕ್ರಿಯೆಗಳ ವೇಗ ಮೂರುಪಟ್ಟಾಗುವುದೆಂದು ಗುಣಿಸಿ ಅವನ್ನು ನಮ್ಮ ಬೊಂಡಾಸಕ್ಕೂ ಅನ್ವಯಿಸಬಹುದು. ಆದರೆ ಆ ಫಲವನ್ನು ಇಲ್ಲಿಯ ತಂತುವಿನಲ್ಲೇ ಅಳೆದು ನೋಡಿದ ಮೇಲೆ ಮಾತ್ರ ನಂಬತಕ್ಕದ್ದು.