ಪದವಿ ತರಗತಿಯ ವಾಣಿಜ್ಯ, ಅರ್ಥಶಾಸ್ತ್ರ ಪಠ್ಯಗಳು: ಒಂದು ವಿಮರ್ಶೆ

ವಾಣಿಜ್ಯ, ಅರ್ಥಶಾಸ್ತ್ರಗಳ ಪದವಿ ತರಗತಿಗಳಲ್ಲಿ ಬಳಕೆಯಲ್ಲಿರುವ ಕನ್ನಡ ಪಠ್ಯಗಳನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಓದುವಾಗ ಒಂದು ಕೊರತೆ ಎದ್ದು ಕಾಣುತ್ತದೆ. ಲೆಕ್ಕಶಾಸ್ತ್ರದ ಕಥೆ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಪಚಿಯೋಲಿಯ ಗ್ರಂಥದಿಂದ ಮೊದಲಾಗುತ್ತದೆ. ಅದು ತಪ್ಪಲ್ಲ. ಆದರೆ ಬೈಲಹೊಂಗಲ ಪೇಟೆಯ ಅಡತಿ ಅಂಗಡಿಯವರ ಮಗನಿಗೆ ಕಿರ್ದಿ, ಖತಾವಣಿಗಳು ಮನೆಮಾತು. ಆ ವಹಿಗಳೂ ಲೆಕ್ಕಶಾಸ್ತ್ರವೇ ಎಂಬುದನ್ನು ಪುಸ್ತಕವು ಅವನಿಗೆ ತಿಳಿಸುವುದಿಲ್ಲ.

ಸಾರ್ವಜನಿಕ ಹಣಕಾಸಿನ ಅಧ್ಯಾಯವಂತೂ ಇನ್ನೂ ಬಡವಾಗಿದೆ. ಆಡಂ ಸ್ಮಿತ್ 1776ರಲ್ಲಿ ಹೇಳಿದ ನಾಲ್ಕು ಕರಸೂತ್ರಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಕರ ಕೊಡುವವನಿಗೆ ಅನುಕೂಲವಾದ ಕಾಲದಲ್ಲಿ ಕರವೆತ್ತಬೇಕೆಂಬುದು ಅವುಗಳಲ್ಲೊಂದು. ಈ ಸೂತ್ರದ ಪರೀಕ್ಷೆ ನಡೆದುದು ನಮ್ಮ ನೆರೆಯಲ್ಲಿಯೇ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದ ಮೇಲೆ ರೈತರು ಸಾಲಮಾಡಿ ವರಲಕ್ಷ್ಮಿ ಹತ್ತಿ ಬೆಳೆದರು. ಹತ್ತಿಯ ಬೆಲೆ ಕುಸಿಯಿತು. ಆ ಹೊತ್ತಿಗೇ ನೀರಿನ ಕರದೊಡನೆ ಅಭಿವೃದ್ಧಿ ಕರದ ವಸೂಲಿ ಬಂದಿತು. ನೀರು ಸರಿಯಾಗಿ ತಲುಪದ ಹೊಲಗಳಿಗೂ ಕರ ಬಿದ್ದಿತೆಂಬುದು ರೈತರ ದೂರಾಗಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಪ್ರಾಣ ತೆತ್ತರು. ಈ ಪ್ರಸಂಗವನ್ನು ಓದಿದ ವಿದ್ಯಾರ್ಥಿಗೆ ಸ್ಮಿತ್ತನ ಸೂತ್ರ ಮತ್ತೆ ಮರೆತುಹೋಗಲಾರದು.

ಹಿಂದಿನ ಉದಾಹರಣೆಗಳಿಗೂ ಬರವಿಲ್ಲ. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಹಾಕಿಸಿದನು. 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ದಂಗೆಯೇಳಲು ತೆರಿಗೆಯ ಭಾರವೂ ಒಂದು ಕಾರಣ. ಇವು ಇತಿಹಾಸದವರ ಪಾಲಿನವೆಂದು ಅರ್ಥಶಾಸ್ತ್ರಜ್ಞರು ಬದಿಗಿರಿಸುತ್ತಾರೆ. ನಾವೋ ಶೌರ್ಯದ ಮಾತಿನಲ್ಲಿ ಖಜಾನೆಯನ್ನು ಮರೆಯುತ್ತೇವೆ. 2010ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ರಾಣಿ ಚನ್ನಮ್ಮನ ಹೆಸರಿಟ್ಟಿದ್ದೇವೆ. ಅವಳ ರಾಜ್ಯದ ಆದಾಯ ವೆಚ್ಚಗಳು ಪ್ರಶ್ನಪತ್ರಿಕೆಗೆ ಬಾರವು.

ಉದ್ಯೋಗಕ್ಕೆ ಬೇಕಾದುದು ಜಿಎಸ್‌ಟಿ ಮತ್ತು ಗಣಕಯಂತ್ರದ ಲೆಕ್ಕ, ಹಳೆಯ ಕಥೆಯಲ್ಲ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿದೆ, ಅವನ್ನು ಕಲಿಸಲೇಬೇಕು. ಆದರೆ 2021ರಲ್ಲಿ ಬಂದ ನಾಲ್ಕು ವರ್ಷಗಳ ಕ್ರಮ 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಈ ಏರಿಳಿತದಲ್ಲಿ ಬದಲಾದುದು ಬಹುಮಟ್ಟಿಗೆ ಪುಸ್ತಕದ ಹೊದಿಕೆ. ಉದಾಹರಣೆಗಳನ್ನು ಬದಲಿಸುವುದಕ್ಕೆ ಯಾವ ಆಜ್ಞೆಯೂ ಬೇಕಾಗಿಲ್ಲ. ವೆಚ್ಚ ಲೆಕ್ಕದ ತರಗತಿಯಲ್ಲಿ ರಾಮದುರ್ಗದ ಒಂದು ಮಗ್ಗದ ನೂಲು, ಬಣ್ಣ, ಕೂಲಿಗಳನ್ನು ವಿದ್ಯಾರ್ಥಿಗಳೇ ಕೇಳಿ ಬರೆದುತಂದು ಒಂದು ಸೀರೆಯ ಅಸಲು ತೆಗೆಯಲಿ. ಆ ಪಟ್ಟಿಗೆ ಆಂತರಿಕ ಅಂಕಗಳನ್ನು ಕೊಡಲು ಅಧ್ಯಾಪಕರಿಗೆ ಅಡ್ಡಿಯಿರಲಾರದು.