ಊಟದ ಬಿಡುವಿನಲ್ಲಿ ಒಂದು ಅಧ್ಯಾಯ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1840ರ ದಶಕದಲ್ಲಿ ಕೆಲವು ಬಡ ಹುಡುಗರು ಸಂಜೆ ಹೊತ್ತು ಸೇರಿ, ತಮಗೆ ಗೊತ್ತಿದ್ದಷ್ಟನ್ನು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ತೋಟದಲ್ಲೇ ಪಾಠ. ಮಳೆ ಬಂದರೆ ಸ್ಲೇಟಿನ ಮೇಲಿನ ಲೆಕ್ಕವೆಲ್ಲ ನೀರುಪಾಲು. ಗುಂಪು ದೊಡ್ಡದಾದಾಗ ಅವರಿಗೆ ಬಾಡಿಗೆಗೆ ಸಿಕ್ಕಿದ್ದು ಕಾಲರಾ ಕಾಲದಲ್ಲಿ ಆಸ್ಪತ್ರೆಯಾಗಿದ್ದ ಕೋಣೆ. ಬೇರೆ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಬಂದು ನಾಲ್ಕು ಮಾತಾಡಿ ಎಂದು ಅವರು ಕರೆದದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರನ್ನು. ಆ ಮಾತುಗಳೇ ಬೆಳೆದು 1859ರಲ್ಲಿ ‘ಸೆಲ್ಫ್ ಹೆಲ್ಪ್’ ಆಯಿತು.

ಡೇಲ್ ಕಾರ್ನೆಗಿ ಅವರ 1936ರ ಪುಸ್ತಕ ಹುಟ್ಟಿದ್ದೂ ಹೀಗೆಯೇ. ನ್ಯೂಯಾರ್ಕಿನ ವೈಎಂಸಿಎಯಲ್ಲಿ 1912ರಲ್ಲಿ ಶುರುವಾದ ತರಗತಿ, ಕಾರ್ಡೊಂದರ ಮೇಲೆ ಅಚ್ಚಾದ ಕೆಲವು ಸೂತ್ರ, ಅವನ್ನು ಕಚೇರಿಯಲ್ಲಿ ಪ್ರಯೋಗಿಸಿ ಬಂದು ಆದದ್ದನ್ನು ಹೇಳುವ ನೌಕರರು. ವ್ಯಕ್ತಿತ್ವ ವಿಕಸನದ ಪುಸ್ತಕಕ್ಕೆ ಸಹೋದ್ಯೋಗಿಗಳ ಗುಂಪೇ ತವರುಮನೆ.

ಇಂಥ ಪುಸ್ತಕ ಕೆಡುವುದು ಅದನ್ನು ಮೇಲಿನಿಂದ ಪೆಟ್ಟಿಗೆಗಟ್ಟಲೆ ಹಂಚಿದಾಗ.

ಸ್ಪೆನ್ಸರ್ ಜಾನ್ಸನ್ ಅವರ ‘ಹೂ ಮೂವ್ಡ್ ಮೈ ಚೀಸ್?’ (1998) ಪುಸ್ತಕವನ್ನು ಅಮೆರಿಕದ ಎಷ್ಟೋ ಕಂಪನಿಗಳು ಸಗಟಾಗಿ ಕೊಂಡು ನೌಕರರ ಕೈಗಿಟ್ಟವು, ಹಲವೆಡೆ ಕೆಲಸದಿಂದ ತೆಗೆಯುವ ಹೊತ್ತಿಗೇ. ಎರಡು ಇಲಿ, ಇಬ್ಬರು ಪುಟಾಣಿ ಮನುಷ್ಯರು. ಇದ್ದ ಚೀಸ್ ಇಲ್ಲವಾದರೆ ಕೊರಗದೆ ಹೊಸದನ್ನು ಹುಡುಕು ಎಂಬ ಕತೆ. ತಮಾಷೆಯೆಂದರೆ, ಕತೆ ಮುಗಿದ ಮೇಲೆ ಹಳೆಯ ಸಹಪಾಠಿಗಳು ಅದರ ಬಗ್ಗೆ ನಡೆಸುವ ಚರ್ಚೆಯನ್ನೂ ಜಾನ್ಸನ್ ಅವರೇ ಬರೆದಿಟ್ಟಿದ್ದಾರೆ! ಓದುವವರಿಗೆ ಉಳಿಯುವುದು ತಲೆಯಾಡಿಸುವ ಕೆಲಸ. ಹೌದು, ಚೀಸ್ ಸರಿಸಿದ್ದು ಯಾರು? ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಸೇರಿ ಓದುವ ಗುಂಪಿನಲ್ಲಿ ಹೀಗೆ ಕೇಳುವವರು ಒಬ್ಬರಾದರೂ ಬೇಕು. ಮ್ಯಾನೇಜರ್ ಬಂದರೆ ಬರಲಿ, ಕೊನೆಗೆ ಮಾತಾಡಲಿ.

ಗುಂಪಿಗೆ ಕಾರ್ನೆಗಿಯಷ್ಟು ಒಗ್ಗುವವರು ಕಡಿಮೆ. ವಾರಕ್ಕೊಂದು ಅಧ್ಯಾಯ ಸಾಕು. ಎರಡನೆಯದು ಮನಃಪೂರ್ವಕ ಮೆಚ್ಚುಗೆಯ ಬಗ್ಗೆ. ಎಲ್ಲರೂ ಅದನ್ನು ಓದಿದ ಮರುದಿನ ಯಾರಾದರೂ ‘ನಿಮ್ಮ ರಿಪೋರ್ಟ್ ತುಂಬಾ ಚೆನ್ನಾಗಿತ್ತು ಸಾರ್’ ಅಂದರೆ ಇಡೀ ಸಾಲು ಗೊಳ್ಳೆಂದು ನಗುತ್ತದೆ. ಮೆಚ್ಚುಗೆ ಎಲ್ಲಿ ಮುಗಿದು ಬೆಣ್ಣೆ ಹಚ್ಚುವುದು ಎಲ್ಲಿ ಶುರುವಾಗುತ್ತದೆ ಎಂಬ ಅಸಲಿ ಚರ್ಚೆ ಏಳುವುದು ಆಮೇಲೆಯೇ. ಕಾರ್ನೆಗಿ ಕೂಡ ಅದೇ ಅಧ್ಯಾಯದಲ್ಲಿ ಮುಖಸ್ತುತಿಯನ್ನು ಜಾಡಿಸಿದ್ದಾರೆ. ಒಬ್ಬರೇ ಓದುವಾಗ ಆ ಭಾಗವನ್ನು ಹಾರಿಸಿಬಿಡುವುದು ಸುಲಭ.

ಸ್ಟೀಫನ್ ಕವಿ ಅವರ ‘ಸೆವೆನ್ ಹ್ಯಾಬಿಟ್ಸ್’ (1989) ಪೂರ್ತಿ ಓದಿಸುವುದು ಕಷ್ಟ. ಮೂರನೆಯ ಅಭ್ಯಾಸದಲ್ಲಿ ಬರುವ, ತುರ್ತಿನದ್ದು ಮತ್ತು ಮುಖ್ಯವಾದದ್ದನ್ನು ಬೇರ್ಪಡಿಸುವ ನಾಲ್ಕು ಚೌಕಗಳಷ್ಟೇ ಸಾಕು. ಒಂದೇ ವಾರದ ಕೆಲಸಗಳನ್ನು ಮ್ಯಾನೇಜರ್ ತಮ್ಮ ಹಾಳೆಯಲ್ಲಿ, ಉಳಿದವರು ತಮ್ಮ ತಮ್ಮ ಹಾಳೆಗಳಲ್ಲಿ ತುಂಬಲಿ. ಸೋಮವಾರದ ಮೀಟಿಂಗ್ ಯಾವ ಚೌಕಕ್ಕೆ ಸೇರಬೇಕು ಎಂದು ತೀರ್ಮಾನವಾಗುವಷ್ಟರಲ್ಲಿ ಊಟದ ಬಿಡುವು ಮುಗಿದಿರುತ್ತದೆ.